ಗರ್ಭಪಾತ: ನಿರ್ಧಾರ ಯಾರದು, ತಡ ಯಾರಿಂದ?

(ನರ್ಸಿಂಗ್ ಮತ್ತು ಕಾನೂನು ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗರ್ಭಪಾತದ ಬಗ್ಗೆ ಮಾತಾಡಬೇಕು ಅಂತ ಕರೆದಾಗ ನನಗೆ ಮೊದಲು ನೆನಪಾದವರು ಸವಿತಾ ಹಾಲಪ್ಪನವರ. ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ. ಮದುವೆಯಾದ ಮೇಲೆ ಗಂಡನ ಜೊತೆ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದರು. 2012ರಲ್ಲಿ ಬಸುರಾದರು. ಇಬ್ಬರೂ ಆಸೆಪಟ್ಟು ಕಾದಿದ್ದ ಬಸಿರು ಅದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಗರ್ಭಪಾತ ಅಂದ ಕೂಡಲೇ ಮಗು ಬೇಡವಾದವರ ಮಾತು ಇದು ಅಂತ ನಾವು ಅಂದುಕೊಳ್ಳುತ್ತೇವೆ.

ಅಕ್ಟೋಬರ್ 21, ಭಾನುವಾರ. ಆಗ ಅವರಿಗೆ 17 ವಾರ. ಬೆನ್ನು ನೋವು ಅಂತ ಗಾಲ್ವೇಯ ಯೂನಿವರ್ಸಿಟಿ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಅಂತ ವೈದ್ಯರಿಗೆ ಅವತ್ತೇ ಗೊತ್ತಾಯಿತು. ಮಧ್ಯರಾತ್ರಿ ದಾಟಿದ ಮೇಲೆ ನೀರೂ ಹೋಯಿತು. 17 ವಾರದ ಕೂಸು ಹೊರಗೆ ಬಂದರೆ ಬದುಕುವುದು ಸಾಧ್ಯವೇ ಇಲ್ಲ. ನರ್ಸಿಂಗ್ ಓದುವ ನಿಮಗೆ ನಾನು ಹೇಳಬೇಕಾಗಿಲ್ಲ, ನೀರು ಹೋದ ಮೇಲೆ ಗರ್ಭದ ಬಾಯಿ ತೆರೆದುಕೊಂಡೇ ಇದ್ದರೆ ಸೋಂಕು ಯಾವಾಗ ಬೇಕಾದರೂ ಒಳಗೆ ಹೋಗಬಹುದು.

ಉಳಿಯುವುದಿಲ್ಲ ಅಂದ ಮೇಲೆ ತೆಗೆದುಬಿಡಿ ಅಂತ ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ನಿಮ್ಮ ಜೀವಕ್ಕೆ ಅಪಾಯ ಕಾಣುತ್ತಿಲ್ಲ, ಆದ್ದರಿಂದ ಕಾನೂನು ಬಿಡುವುದಿಲ್ಲ ಅನ್ನುವ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಅನ್ನುವ ಮಾತನ್ನೂ ಒಬ್ಬ ಸೂಲಗಿತ್ತಿ ನರ್ಸ್ ಆಡಿದರು. ಅವರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳಲಿಲ್ಲ, ಯಾಕೆ ಆಗುವುದಿಲ್ಲ ಅಂತ ವಿವರಿಸಲು ಹೋಗಿ ಹೇಳಿದ್ದು. ಮುಂದೆ ವಿಚಾರಣೆಯಲ್ಲಿ ಅದನ್ನು ಒಪ್ಪಿಕೊಂಡು ನೊಂದುಕೊಂಡರು.

ಬುಧವಾರ ನಸುಕಿನಲ್ಲಿ ಸವಿತಾ ಚಳಿಯಿಂದ ನಡುಗತೊಡಗಿದರು. ಹಲ್ಲು ಕಟಕಟ ಅನ್ನುತ್ತಿತ್ತು. ಇನ್ನೊಂದು ಹೊದಿಕೆ ಹೊದಿಸಿ, ಪ್ಯಾರಾಸಿಟಮಾಲ್ ಕೊಟ್ಟರು. ಬೆಳಗ್ಗೆ ಆರೂವರೆಗೆ ನೋಡಿದಾಗ ಜ್ವರ 39.6 ಡಿಗ್ರಿ, ನಾಡಿ 160. ಸೋಂಕು ರಕ್ತಕ್ಕೆ ಇಳಿದಿತ್ತು. ಅದೇ ದಿನ ಭ್ರೂಣದ ಹೃದಯ ನಿಂತಿತು, ಗರ್ಭ ತಾನಾಗಿಯೇ ಹೊರಬಂತು. ಐಸಿಯುನಲ್ಲಿ ನಾಲ್ಕು ದಿನ ಹೋರಾಡಿ 28ನೇ ತಾರೀಕು ಸವಿತಾ ತೀರಿಕೊಂಡರು. ವಯಸ್ಸು 31.

ಇದರಲ್ಲಿ ತಪ್ಪು ಯಾರದು ಅನ್ನುವುದರ ಮೇಲೆ ಐರ್ಲೆಂಡಿನಲ್ಲಿ ದೊಡ್ಡ ಜಗಳವೇ ನಡೆಯಿತು. ಗರ್ಭಪಾತವನ್ನು ವಿರೋಧಿಸುವವರು, ಸವಿತಾ ಸತ್ತಿದ್ದು ಸೋಂಕಿನಿಂದ, ಆಸ್ಪತ್ರೆಯ ನಿರ್ಲಕ್ಷ್ಯದಿಂದ, ಕಾನೂನಿನಿಂದ ಅಲ್ಲ ಅಂದರು. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ದಾಖಲಾದ ದಿನವೇ ತೆಗೆದ ರಕ್ತದಲ್ಲಿ ಬಿಳಿ ರಕ್ತಕಣ ಜಾಸ್ತಿ ಇತ್ತು, ಆ ವರದಿಯನ್ನು ಸಮಯಕ್ಕೆ ಯಾರೂ ನೋಡಿರಲಿಲ್ಲ. ಅಲ್ಲಿನ ಆರೋಗ್ಯ ಗುಣಮಟ್ಟದ ಸಂಸ್ಥೆ 2013ರಲ್ಲಿ ಕೊಟ್ಟ ವರದಿ, ಅವರನ್ನು ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವು ಅಂತ ಎಣಿಸಿ ತೋರಿಸಿತು.

ಆದರೆ ಮರಣ ವಿಚಾರಣೆಯಲ್ಲಿ ಇನ್ನೊಂದು ಸಾಕ್ಷ್ಯವೂ ಬಂತು. ಡಬ್ಲಿನ್ನಿನ ಹಿರಿಯ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಹೇಳಿದ್ದರ ಸಾರ ಇಷ್ಟು. ಸೋಮವಾರ ಅಥವಾ ಮಂಗಳವಾರ ಗರ್ಭ ತೆಗೆದಿದ್ದರೆ ಸವಿತಾ ಬಹುಮಟ್ಟಿಗೆ ಬದುಕುತ್ತಿದ್ದರು. ಆದರೆ ಆ ಎರಡು ದಿನ ಜೀವಕ್ಕೆ ಅಪಾಯ ಕಾಣುತ್ತಿರಲಿಲ್ಲ, ಆದ್ದರಿಂದ ಕಾನೂನು ಬಿಡುತ್ತಿರಲಿಲ್ಲ. ಬುಧವಾರ ಅಪಾಯ ಕಂಡಿತು, ಕಾನೂನು ಬಿಟ್ಟಿತು, ಅಷ್ಟರಲ್ಲಿ ಹೊತ್ತು ಮೀರಿತ್ತು.

ಕಾನೂನು ಓದುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತಾಯಿಯ ಜೀವ ಉಳಿಸಲು ಗರ್ಭ ತೆಗೆಯಬಹುದು ಅಂತ ಆ ದೇಶದಲ್ಲೂ ಇತ್ತು. ಕಾಗದದ ಮೇಲೆ ಸವಿತಾಗೆ ರಕ್ಷಣೆ ಇತ್ತು. ಆದರೆ ಎಷ್ಟು ಕಾಯಿಲೆ ಬಿದ್ದರೆ ಸಾಕು ಅನ್ನುವುದನ್ನು ವೈದ್ಯರು ಊಹಿಸಬೇಕಿತ್ತು. ಊಹೆ ತಪ್ಪಿದರೆ 1861ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಜೀವಾವಧಿ ಶಿಕ್ಷೆಯ ಭಯ. ಹಾಗಿದ್ದಾಗ ಯಾವ ವೈದ್ಯರಾದರೂ ಏನು ಮಾಡುತ್ತಾರೆ? ಕಾಯುತ್ತಾರೆ.

ನಾನು ಇವತ್ತು ಹೇಳಲು ಬಂದಿರುವುದು ಈ ಕಾಯುವಿಕೆಯ ಬಗ್ಗೆ. ತಾಯಿ ಮುಖ್ಯವೋ ಭ್ರೂಣ ಮುಖ್ಯವೋ ಅಂತ ನಾವು ವಾದ ಮಾಡುತ್ತೇವೆ. ಆ ವಾದ ನಡೆಯುತ್ತಿರುವಾಗಲೇ ವಾರಗಳು ಉರುಳುತ್ತವೆ. ಹೆದರಿಸುವ ಕಾನೂನಿನಿಂದ ಗರ್ಭಪಾತ ನಿಲ್ಲುವುದಿಲ್ಲ, ತಡವಾಗುತ್ತದೆ ಅಷ್ಟೇ. ತಡವಾದಷ್ಟೂ ಹೆಂಗಸಿನ ಅಪಾಯವೂ ಜಾಸ್ತಿ, ನೀತಿಯ ಪ್ರಶ್ನೆಯ ತೂಕವೂ ಜಾಸ್ತಿ.

ಐರ್ಲೆಂಡಿನ ಹಿಂದಿನ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1983ರಲ್ಲಿ ಜನಮತ ತೆಗೆದುಕೊಂಡು ಸಂವಿಧಾನಕ್ಕೆ 8ನೇ ತಿದ್ದುಪಡಿ ಸೇರಿಸಿದರು. ಹುಟ್ಟದ ಮಗುವಿಗೂ ತಾಯಿಗೂ ಬದುಕುವ ಹಕ್ಕು ಸಮ ಅಂತ. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? 1992ರಲ್ಲಿ 14 ವರ್ಷದ ಒಬ್ಬ ಹುಡುಗಿಯ ಮೇಲೆ ಅತ್ಯಾಚಾರವಾಗಿ ಅವಳು ಬಸುರಾದಳು. ತಂದೆ ತಾಯಿ ಅವಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಐರ್ಲೆಂಡ್ ಸರ್ಕಾರದ ಮುಖ್ಯ ವಕೀಲರು, ಅಂದರೆ ಅಟಾರ್ನಿ ಜನರಲ್, ಕೋರ್ಟಿನಿಂದ ತಡೆ ತಂದರು, ಅವರು ವಾಪಸ್ ಬರಬೇಕಾಯಿತು. ಹುಡುಗಿ ಜೀವ ಕಳೆದುಕೊಳ್ಳುವ ಅಪಾಯ ಇದೆ ಅಂತ ಸುಪ್ರೀಂ ಕೋರ್ಟು ಕೊನೆಗೆ ಒಪ್ಪಿಗೆ ಕೊಟ್ಟಿತು. ಆ ತೀರ್ಪಿಗೆ ತಕ್ಕ ಕಾನೂನನ್ನು ಮಾತ್ರ ರಾಜಕಾರಣಿಗಳು 20 ವರ್ಷ ಮಾಡಲೇ ಇಲ್ಲ. ಓಟಿನ ಭಯ. ಸವಿತಾ ಆಸ್ಪತ್ರೆ ಸೇರಿದ್ದು ಆ 20 ವರ್ಷಗಳ ಕೊನೆಯಲ್ಲಿ.

ಆಮೇಲೆ 2013ರಲ್ಲಿ ಸಣ್ಣ ಕಾನೂನೊಂದು ಬಂತು. 2016ರಲ್ಲಿ ಸರ್ಕಾರ ಒಂದು ನಾಗರಿಕರ ಸಭೆ ಮಾಡಿತು. ಸಾಮಾನ್ಯ ಜನರಲ್ಲೇ 99 ಮಂದಿಯನ್ನು ಆರಿಸಿ, ಒಬ್ಬ ನ್ಯಾಯಾಧೀಶೆಯ ಅಧ್ಯಕ್ಷತೆಯಲ್ಲಿ ಕೂರಿಸಿದರು. ವೈದ್ಯರು, ವಕೀಲರು, ಧರ್ಮದವರು, ಗರ್ಭಪಾತ ಮಾಡಿಸಿಕೊಂಡವರು, ಬೇಡ ಅಂತ ಮಗು ಉಳಿಸಿಕೊಂಡವರು, ಎಲ್ಲರ ಮಾತನ್ನೂ ಅವರು ಕೇಳಿದರು. ಈ ಜಗಳವನ್ನು ಟಿವಿ ಚರ್ಚೆಯಲ್ಲಿ ಕಿರುಚಾಡದೆ ಹೀಗೂ ಬಗೆಹರಿಸಬಹುದು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. 2018ರ ಮೇ 25ರಂದು ಜನಮತ ನಡೆಯಿತು. ಬೆಳಗಾವಿಯಿಂದ ಸವಿತಾ ಅವರ ತಂದೆ ವಿಡಿಯೋದಲ್ಲಿ ಮಾತಾಡಿ, ನಮ್ಮ ಮಗಳನ್ನು ನೆನೆದು ಓಟು ಹಾಕಿ ಅಂತ ಬೇಡಿಕೊಂಡರು. ಶೇಕಡಾ 66.4ರಷ್ಟು ಜನ 8ನೇ ತಿದ್ದುಪಡಿ ತೆಗೆಯಲು ಒಪ್ಪಿದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾ ಮುಖದ ದೊಡ್ಡ ಚಿತ್ರ ಬರೆದಿದ್ದರು. ಫಲಿತಾಂಶದ ದಿನಗಳಲ್ಲಿ ಜನ ಬಂದು ಬಂದು ಅದಕ್ಕೆ ಚೀಟಿ ಅಂಟಿಸಿ ಹೋದರು. ಬಹಳ ಚೀಟಿಗಳಲ್ಲಿ ಇದ್ದದ್ದು ಕ್ಷಮೆ. 2019ರ ಜನವರಿಯಿಂದ ಅಲ್ಲಿ 12 ವಾರದವರೆಗೆ ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ಇದೆ.

ಇನ್ನು ನಮ್ಮ ದೇಶಕ್ಕೆ ಬರೋಣ.

ಅದೆಲ್ಲ ಅಲ್ಲಿನ ಕತೆ, ನಮ್ಮಲ್ಲಿ 1971ರಿಂದಲೇ ಗರ್ಭಪಾತ ಕಾನೂನುಬದ್ಧ ಅಂತ ಬಹಳ ಜನ ಹೆಮ್ಮೆಯಿಂದ ಹೇಳುತ್ತಾರೆ. ಅರ್ಧ ನಿಜ. ಭಾರತೀಯ ದಂಡ ಸಂಹಿತೆಯ 312ನೇ ಕಲಂ ಗರ್ಭಪಾತವನ್ನು ಅಪರಾಧ ಅಂದಿತ್ತು. ಮಾಡಿದವರಿಗೆ ಮಾತ್ರವಲ್ಲ, ತಾನೇ ಮಾಡಿಕೊಂಡ ಹೆಂಗಸಿಗೂ ಶಿಕ್ಷೆ. 2024ರ ಜುಲೈನಲ್ಲಿ ಹೊಸ ಭಾರತೀಯ ನ್ಯಾಯ ಸಂಹಿತೆ ಬಂತು. ಕಲಂನ ನಂಬರ್ 88 ಆಯಿತು, ಒಳಗಿನ ಮಾತು ಹಾಗೇ ಉಳಿಯಿತು. 1860ರಲ್ಲಿ ಬ್ರಿಟಿಷರು ಬರೆದ ಅಪರಾಧ ಇವತ್ತಿಗೂ ಅಪರಾಧವೇ.

ಹಾಗಾದರೆ 1971ರ ಕಾಯ್ದೆ ಏನು ಮಾಡಿತು? ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟಿತ್ತು. ಕದ್ದುಮುಚ್ಚಿ ಕಡ್ಡಿ, ನಾಟಿ ಔಷಧಿ ಹಾಕಿಸಿಕೊಂಡು ಹೆಂಗಸರು ಸಾಯುತ್ತಿದ್ದಾರೆ, ಇದನ್ನು ತಪ್ಪಿಸಬೇಕು ಅಂದಿತ್ತು. ಜೊತೆಗೆ ಜನಸಂಖ್ಯೆಯ ಚಿಂತೆಯೂ ಆ ಕಾಲದ ಸರ್ಕಾರಕ್ಕೆ ಇತ್ತು. ಆದ್ದರಿಂದ ಕಾಯ್ದೆ ವೈದ್ಯರಿಗೆ ಒಂದು ರಕ್ಷಣೆ ಕೊಟ್ಟಿತು: ಇಂಥ ಕಾರಣಕ್ಕೆ, ಇಷ್ಟು ವಾರದೊಳಗೆ, ಇಂಥ ಜಾಗದಲ್ಲಿ ಮಾಡಿದರೆ ನಿಮ್ಮ ಮೇಲೆ ಕೇಸಿಲ್ಲ. ‘ನನಗೆ ಬೇಡ’ ಅನ್ನುವ ಹೆಂಗಸಿನ ಮಾತು ಅಷ್ಟಕ್ಕೇ ಸಾಕು ಅಂತ ಆ ಕಾಯ್ದೆ ಎಲ್ಲೂ ಹೇಳಿಲ್ಲ. ವೈದ್ಯರಿಗೆ ಸರಿ ಅನ್ನಿಸಬೇಕು. ಗರ್ಭನಿರೋಧಕ ಕೈಕೊಟ್ಟರೆ ಅದೂ ಒಂದು ಕಾರಣ ಅಂತ ಒಪ್ಪಿದ್ದರು, ಆದರೆ ಮದುವೆಯಾದವಳಿಗೆ ಮಾತ್ರ. ಮದುವೆಯಾಗದವಳಿಗೆ ಆ ಸಾಲಿನಲ್ಲಿ ಜಾಗ ಸಿಕ್ಕಿದ್ದು 50 ವರ್ಷ ಬಿಟ್ಟು, 2021ರ ತಿದ್ದುಪಡಿಯಲ್ಲಿ.

ಅದೇ ತಿದ್ದುಪಡಿಯ ಪ್ರಕಾರ ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ರ ತನಕ ಇಬ್ಬರು ಬೇಕು, ಅದೂ ಕೆಲವರಿಗೆ ಮಾತ್ರ. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸಿರಿನಲ್ಲೇ ಗಂಡ ಸತ್ತವರು ಅಥವಾ ವಿಚ್ಛೇದನ ಆದವರು, ಅಂಗವೈಕಲ್ಯ ಇರುವವರು, ಹೀಗೆ. 24 ದಾಟಿದರೆ ಭ್ರೂಣದಲ್ಲಿ ಗಂಭೀರ ದೋಷ ಇದೆ ಅಂತ ಮೆಡಿಕಲ್ ಬೋರ್ಡ್ ಹೇಳಬೇಕು. ತಾಯಿಯ ಜೀವ ಉಳಿಸಲು ತಕ್ಷಣ ತೆಗೆಯಲೇಬೇಕು ಅನ್ನುವಾಗ ಮಾತ್ರ ವಾರದ ಮಿತಿ ಇಲ್ಲ.

ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಇದು ನೆನಪಿರಲಿ. ಒಬ್ಬ ಹುಡುಗಿಗೆ ಡೇಟ್ ಒಂದು ವಾರ ಮುಂದೆ ಹೋದಾಗಲೇ ಲೆಕ್ಕದಲ್ಲಿ ಅವಳಿಗೆ ಐದು ವಾರ ಆಗಿರುತ್ತದೆ. ಮುಟ್ಟು ಸರಿಯಾಗಿ ಆಗದವರಿಗೆ, ಮಗುವಿಗೆ ಹಾಲು ಕುಡಿಸುತ್ತಿರುವವರಿಗೆ ಗೊತ್ತಾಗುವುದೇ ಎಷ್ಟೋ ತಡವಾಗಿ. ಭ್ರೂಣದ ದೋಷ ಹುಡುಕುವ ಸ್ಕ್ಯಾನಿಂಗ್ ಮಾಡುವುದೇ 18ರಿಂದ 20ನೇ ವಾರದಲ್ಲಿ. ಹಳ್ಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಊರಿಗೆ ಕಳಿಸುವಷ್ಟರಲ್ಲಿ ಇನ್ನೆರಡು ವಾರ ಹೋಯಿತು ಅಂತಲೇ ಲೆಕ್ಕ. 2008ರಲ್ಲಿ ಮುಂಬೈಯ ದಂಪತಿಯೊಬ್ಬರು ಭ್ರೂಣದ ಹೃದಯದಲ್ಲಿ ದೋಷ ಇದೆ ಅಂತ ಬಾಂಬೆ ಹೈಕೋರ್ಟಿಗೆ ಹೋದರು. ಆಗಿನ 20 ವಾರದ ಮಿತಿ ದಾಟಿದೆ ಅಂತ ಕೋರ್ಟು ಒಪ್ಪಲಿಲ್ಲ. ಸ್ವಲ್ಪ ದಿನಕ್ಕೆ ಗರ್ಭ ತಾನಾಗಿಯೇ ಹೋಯಿತು. ಆ ಮಿತಿ ಬದಲಾಗಲು 13 ವರ್ಷ ಬೇಕಾಯಿತು.

2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1973ರಿಂದ ಇದ್ದ ಹಕ್ಕನ್ನು ಕಿತ್ತುಹಾಕಿತು. ಅದಾಗಿ ಮೂರು ತಿಂಗಳಿಗೆ, ಸೆಪ್ಟೆಂಬರ್ 29ಕ್ಕೆ, ನಮ್ಮ ಸುಪ್ರೀಂ ಕೋರ್ಟು ಎದುರು ದಿಕ್ಕಿನಲ್ಲಿ ನಡೆಯಿತು. 25 ವರ್ಷದ ಹುಡುಗಿ, ಮದುವೆಯಾಗಿರಲಿಲ್ಲ. ಜೊತೆಗಿದ್ದವನು ಮದುವೆಗೆ ಒಲ್ಲೆ ಅಂದ. ಐದು ಮಕ್ಕಳಲ್ಲಿ ಅವಳೇ ದೊಡ್ಡವಳು, ತಂದೆ ತಾಯಿ ರೈತರು. 22 ವಾರದ ಹೊತ್ತಿಗೆ ಕೋರ್ಟಿಗೆ ಬಂದಳು. ದೆಹಲಿ ಹೈಕೋರ್ಟು ಮಧ್ಯಂತರ ಪರಿಹಾರ ಕೊಡಲಿಲ್ಲ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಅವರಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣನವರೂ ಇದ್ದರು, ಮದುವೆ ಆದವಳು ಆಗದವಳು ಅನ್ನುವ ಭೇದ ಸಂವಿಧಾನಕ್ಕೆ ಒಪ್ಪುವುದಿಲ್ಲ ಅಂದರು. ಈ ಕಾಯ್ದೆಯ ಮಟ್ಟಿಗೆ ಗಂಡನ ಬಲವಂತವನ್ನೂ ಅತ್ಯಾಚಾರ ಅಂತಲೇ ಎಣಿಸಬೇಕು ಅಂದರು. ತನ್ನ ದೇಹದ ವಿಷಯದಲ್ಲಿ ತಾನೇ ನಿರ್ಧಾರ ಮಾಡುವ ಹಕ್ಕು ಖಾಸಗಿತನದ ಹಕ್ಕಿನ ಭಾಗ ಅನ್ನುವುದು ಆ ತೀರ್ಪಿನ ಬುನಾದಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಮಾನವಾದ ಕೇಸು ಯಾರದು ಗೊತ್ತಲ್ಲ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಆಧಾರ್ ವಿರುದ್ಧ ಅವರು ಹಾಕಿದ ಅರ್ಜಿ ಹೀಗೆ ಎಲ್ಲೋ ಒಬ್ಬ ಹುಡುಗಿಯ ಕೈ ಹಿಡಿಯಿತು.

ಆದರೆ ಮರುವರ್ಷ ಬಂದ ಕೇಸು ನಮ್ಮೆಲ್ಲರನ್ನೂ ತಡೆದು ನಿಲ್ಲಿಸಿತು. ಅದರ ಮುಂದೆ ಸ್ವಲ್ಪ ಹೊತ್ತು ಕೂರೋಣ.

2023ರ ಅಕ್ಟೋಬರ್. 27 ವರ್ಷದ ಗೃಹಿಣಿ, ಎರಡು ಮಕ್ಕಳ ತಾಯಿ. ಎರಡನೇ ಹೆರಿಗೆಯ ಮೇಲೆ ಬಂದ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರು. ಹಾಲು ಕುಡಿಸುತ್ತಿದ್ದುದರಿಂದ ಮುಟ್ಟು ಇರಲಿಲ್ಲ, ಬಸಿರು ಗೊತ್ತೇ ಆಗಲಿಲ್ಲ. ಸುಪ್ರೀಂ ಕೋರ್ಟಿಗೆ ಬಂದಾಗ 25-26 ವಾರ. ಹಿಮಾ ಕೊಹ್ಲಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ 9ನೇ ತಾರೀಕು ಒಪ್ಪಿಗೆ ಕೊಟ್ಟಿತು. ಮರುದಿನ ಏಮ್ಸ್‌ನ ವೈದ್ಯರಿಂದ ಈ-ಮೇಲ್ ಬಂತು. ಮಗು ಬದುಕುವ ಸಾಧ್ಯತೆ ಇದೆ, ಹೃದಯ ನಿಲ್ಲಿಸಬೇಕೋ ಬೇಡವೋ ಹೇಳಿ ಅಂತ. 11ರಂದು ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆಯಾದರು. ಬಡಿಯುತ್ತಿರುವ ಹೃದಯವನ್ನು ನಿಲ್ಲಿಸಿ ಅಂತ ಯಾವ ಕೋರ್ಟು ಹೇಳುತ್ತದೆ ಅನ್ನುವುದು ಕೊಹ್ಲಿಯವರ ಸಂಕಟ. ಆ ತಾಯಿ ತನ್ನ ನಿರ್ಧಾರ ಸ್ಪಷ್ಟವಾಗಿ ಹೇಳಿದ್ದಾಳೆ, ಕೋರ್ಟು ಅದರ ಜಾಗದಲ್ಲಿ ತನ್ನ ನಿರ್ಧಾರ ಇಡಬಾರದು ಅನ್ನುವುದು ನಾಗರತ್ನ ಅವರ ನಿಲುವು. 16ನೇ ತಾರೀಕು ಮುಖ್ಯ ನ್ಯಾಯಮೂರ್ತಿಗಳ ಪೀಠ ಒಪ್ಪಿಗೆಯನ್ನು ನಿರಾಕರಿಸಿತು. ಆಗ 26 ವಾರ, 5 ದಿನ. ಹೆರಿಗೆಯ ಖರ್ಚು ಸರ್ಕಾರದ್ದು, ಬೇಡವಾದರೆ ಮಗುವನ್ನು ದತ್ತು ಕೊಡಬಹುದು ಅಂದರು.

ನನಗೆ ಈ ಇಬ್ಬರು ಮಹಿಳಾ ನ್ಯಾಯಮೂರ್ತಿಗಳ ಮೇಲೂ ಗೌರವ ಇದೆ. ಕೊಹ್ಲಿಯವರ ಪ್ರಶ್ನೆಯನ್ನು ಸುಮ್ನೆ ಧರ್ಮದ ಮಾತು ಅಂತ ತಳ್ಳಬೇಡಿ. ಆರು ವಾರದ ಗರ್ಭವೂ 26 ವಾರದ ಗರ್ಭವೂ ಒಂದೇ ಅಂತ ನಾನು ಹೇಳಲಾರೆ. ಹೊಟ್ಟೆಯಲ್ಲಿ ಒದ್ದಾಡಿದ ಕೂಸನ್ನು ಕಳೆದುಕೊಂಡ ಯಾವ ತಾಯಿಯೂ ಹಾಗೆ ಹೇಳುವುದಿಲ್ಲ. ಹೊರಗೆ ಬಂದು ಉಸಿರಾಡಬಲ್ಲ ಹಂತಕ್ಕೆ ಬಂದಾಗ ಅದರ ಕಡೆಯೂ ನ್ಯಾಯ ಇದೆ. ಆದರೂ ನಾನು ನಾಗರತ್ನ ಅವರ ಜೊತೆ ನಿಲ್ಲುತ್ತೇನೆ. ಆ ಮಗುವನ್ನು ಹೊತ್ತು ಹೆರಬೇಕಾದ ದೇಹ ಒಂದೇ, ಮದ್ದು ನುಂಗುತ್ತಿರುವ ತಲೆ ಒಂದೇ. ಆ ದೇಹವನ್ನು ಅವಳ ಇಷ್ಟಕ್ಕೆ ವಿರುದ್ಧವಾಗಿ ಬಳಸಿಕೊಳ್ಳುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು? ಹೆತ್ತು ಕೊಡು, ನಾವು ನೋಡಿಕೊಳ್ಳುತ್ತೇವೆ ಅನ್ನುವುದು ಸಮಾಧಾನದ ಮಾತಾಗಿ ಕೇಳಬಹುದು. ಹೆರುವವಳಿಗೆ ಹಾಗೆ ಕೇಳಿಸುವುದಿಲ್ಲ.

ಇನ್ನೊಂದು ಗಂಟೂ ಇಲ್ಲಿದೆ. 24 ವಾರ ದಾಟಿದ ಮೇಲೆ ಭ್ರೂಣದಲ್ಲಿ ದೋಷ ಇದ್ದರೆ ತೆಗೆಯಬಹುದು, ಇಲ್ಲದಿದ್ದರೆ ಇಲ್ಲ. ಅಂಗವೈಕಲ್ಯ ಇರುವವರ ಹಕ್ಕಿಗಾಗಿ ದುಡಿಯುವವರು ಕೇಳುತ್ತಾರೆ, ಹಾಗಾದರೆ ನಮ್ಮಂಥವರ ಜೀವಕ್ಕೆ ಬೆಲೆ ಕಡಿಮೆಯೇ? ಈ ಪ್ರಶ್ನೆಗೆ ನಮ್ಮ ಕಾನೂನಿನ ಬಳಿ ಉತ್ತರ ಇಲ್ಲ. ಭ್ರೂಣದ ಜೀವವನ್ನು ಕಾಪಾಡುವುದೇ ಗುರಿಯಾಗಿದ್ದರೆ ದೋಷ ಇರುವ ಭ್ರೂಣವನ್ನೂ ಕಾಪಾಡಬೇಕಿತ್ತು. ತಾಯಿಯ ನೋವನ್ನು ನೋಡುವುದಾಗಿದ್ದರೆ ಎಲ್ಲ ತಾಯಂದಿರ ನೋವನ್ನೂ ನೋಡಬೇಕಿತ್ತು. ಎಂಥ ಮಗು ಇರಬೇಕು, ಎಂಥದ್ದು ಬೇಡ ಅಂತ ಕಾನೂನು ಪಟ್ಟಿ ಮಾಡುವುದಕ್ಕಿಂತ, ತಾಯಿಗೆ ಪೂರ್ತಿ ಮಾಹಿತಿ ಕೊಟ್ಟು ಅವಳ ಮನಸ್ಸಿಗೆ ಬಿಡುವುದು ನನಗೆ ಹೆಚ್ಚು ಗೌರವದ ದಾರಿಯಾಗಿ ಕಾಣುತ್ತದೆ.

ಇಷ್ಟು ಹೇಳಿದ ಕೂಡಲೇ ನಮ್ಮ ಭಾಗದಲ್ಲಿ ಯಾರಾದರೂ ಎದ್ದು ಕೇಳುವುದು ಹೆಣ್ಣು ಭ್ರೂಣ ಹತ್ಯೆಯ ಬಗ್ಗೆ. ಕೇಳಲೇಬೇಕು. 2023ರ ನವೆಂಬರಿನಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲ ನೆನಪಿದೆಯಲ್ಲ? ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದರು. ಬೆಲ್ಲ ಮಾಡುವ ಜಾಗದಲ್ಲಿ ಬಸುರಿಯರನ್ನು ಮಲಗಿಸಿ. ಹೆಣ್ಣು ಅಂತ ಗೊತ್ತಾದರೆ ಮೈಸೂರಿಗೆ ಕರೆದುಕೊಂಡು ಹೋಗಿ ತೆಗೆಸುತ್ತಿದ್ದರು. ವೈದ್ಯರೇ ಸಿಕ್ಕಿಬಿದ್ದರು. ಮೂರು ವರ್ಷದಲ್ಲಿ ಸುಮಾರು 900 ಗರ್ಭಪಾತ ಅಂತ ಆಗ ಪೊಲೀಸರು ಹೇಳಿದರು. ತನಿಖೆ ಸಿಐಡಿಗೆ ಹೋಯಿತು. ದೇಶದ ಲೆಕ್ಕ ನೋಡಿದರೆ, ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927, 2011ರಲ್ಲಿ ಇನ್ನೂ ಕಡಿಮೆ.

ಇದನ್ನು ನಾನು ಹೆಂಗಸಿನ ಆಯ್ಕೆ ಅಂತ ಕರೆಯುವುದಿಲ್ಲ. ಎರಡು ಹೆಣ್ಣಾದವು, ಮೂರನೆಯದೂ ಹೆಣ್ಣಾದರೆ ಮನೆಗೆ ಬರಬೇಡ ಅನ್ನಿಸಿಕೊಂಡವಳು ಆಲೆಮನೆಯ ಮಂಚದ ಮೇಲೆ ಮಲಗಿದರೆ ಅದು ಯಾರ ನಿರ್ಧಾರ? 1994ರ ಲಿಂಗ ಪತ್ತೆ ತಡೆ ಕಾಯ್ದೆಗೆ ಇದು ಗೊತ್ತಿದೆ. ಗಂಡ ಮತ್ತು ಮನೆಯವರ ಒತ್ತಡದಿಂದಲೇ ಅವಳು ಬಂದಿದ್ದಾಳೆ ಅಂತಲೇ ಅದು ಭಾವಿಸುತ್ತದೆ. ನ್ಯಾಯವಾದ ಮಾತು.

ಆದರೆ ಆಗುತ್ತಿರುವ ಎಡವಟ್ಟು ನೋಡಿ. ಇಂಥ ಜಾಲ ಸಿಕ್ಕಾಗಲೆಲ್ಲ ಅಧಿಕಾರಿಗಳು ಗರ್ಭಪಾತದ ಮಾತ್ರೆ ಮಾರುವ ಮೆಡಿಕಲ್ ಶಾಪುಗಳ ಮೇಲೆ ಬೀಳುತ್ತಾರೆ. ಅಂಗಡಿಯವರು ರಗಳೆಯೇ ಬೇಡ ಅಂತ ಇಡುವುದನ್ನೇ ಬಿಡುತ್ತಾರೆ. ಮಾತ್ರೆಗೆ ನಮ್ಮ ನಿಯಮದಲ್ಲಿ ಒಂಬತ್ತು ವಾರದ ತನಕ ಒಪ್ಪಿಗೆ. ಸ್ಕ್ಯಾನಿಂಗಿನಲ್ಲಿ ಹೆಣ್ಣೋ ಗಂಡೋ ತಿಳಿಯುವುದು ಸಾಮಾನ್ಯವಾಗಿ ಮೂರು ತಿಂಗಳು ದಾಟಿದ ಮೇಲೆ. ಒಂಬತ್ತನೇ ವಾರದಲ್ಲಿ ಮಾತ್ರೆ ತೆಗೆದುಕೊಂಡವಳು ಸ್ಕ್ಯಾನಿಂಗ್ ನೋಡಿ ಹೆಣ್ಣು ಅಂತ ತೆಗೆಸಿರಲು ಸಾಧ್ಯವೇ ಇಲ್ಲ. ಮಾತ್ರೆ ತಡೆದರೆ ಹೆಣ್ಣುಕೂಸು ಉಳಿಯುವುದಿಲ್ಲ. ಒಂಬತ್ತನೇ ವಾರದಲ್ಲಿ ಮುಗಿಯಬೇಕಿದ್ದದ್ದು ಹದಿನೈದನೇ ವಾರಕ್ಕೆ ಹೋಗುತ್ತದೆ. ಮತ್ತೆ ತಡ.

ಈ ದೇಶದಲ್ಲಿ 2015ರಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತ ಆಗಿದೆ ಅನ್ನುವುದು ಸಂಶೋಧಕರ ಅಂದಾಜು. ಅದರಲ್ಲಿ ಶೇಕಡಾ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ ಆದದ್ದು. ಬೆಂಗಳೂರಿನ ಪಿಜಿಯ ಹುಡುಗಿಯಿಂದ ಹಿಡಿದು ಹೊಲದ ಕೆಲಸಕ್ಕೆ ಹೋಗುವ ಹೆಂಗಸಿನ ತನಕ ಎಲ್ಲರೂ ಇದರಲ್ಲಿ ಇದ್ದಾರೆ. ಆ ಮಾತ್ರೆಗಳು, ಅಂದರೆ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್, ಸರಿಯಾಗಿ ತೆಗೆದುಕೊಂಡರೆ ಬಹಳ ಸುರಕ್ಷಿತ ಔಷಧಿ. ಎಷ್ಟು, ಯಾವಾಗ ಅಂತ ಹೇಳುವವರು ಬೇಕು. ರಕ್ತ ಜಾಸ್ತಿ ಹೋದರೆ, ಜ್ವರ ಬಂದರೆ ಹೆದರದೆ ಹೋಗಲು ಒಂದು ಆಸ್ಪತ್ರೆ ಬೇಕು. ಹೆದರಿಕೆ ಇದ್ದರೆ ಯಾರೂ ಹೋಗುವುದಿಲ್ಲ.

18 ತುಂಬದ ಹುಡುಗಿಯರ ಸ್ಥಿತಿ ಇನ್ನೂ ಕಷ್ಟ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಹದಿನೇಳು ವರ್ಷದ ಹುಡುಗಿ, ತಾನೇ ಇಷ್ಟಪಟ್ಟ ಹುಡುಗ. ಕೇಸಾಗುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ ಅಂತ ತಂದೆ ತಾಯಿ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. 2022ರ ತೀರ್ಪಿನಲ್ಲಿ ಇದಕ್ಕೊಂದು ಪರಿಹಾರ ಇದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಮಾಹಿತಿ ಕೊಡುವಾಗ ವೈದ್ಯರು ಅವಳ ಹೆಸರು, ವಿವರ ಹೇಳಬೇಕಾಗಿಲ್ಲ. ಇದು ಎಷ್ಟು ಆಸ್ಪತ್ರೆಗಳ ಗೋಡೆಯ ಮೇಲೆ ಬರೆದಿದೆ? ನಾನಂತೂ ಒಂದು ಕಡೆಯೂ ನೋಡಿಲ್ಲ.

ಭ್ರೂಣದ ಬಗ್ಗೆ ನಿಜವಾದ ಕಾಳಜಿ ಇರುವವರಿಗೂ ನನ್ನದೊಂದು ವಿನಂತಿ. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಮೊದಲ ಹನ್ನೆರಡು ವಾರದ ದಾರಿಯನ್ನು ಸಲೀಸು ಮಾಡಲು ನಮ್ಮ ಜೊತೆ ಬನ್ನಿ. ಅಲ್ಲಿ ‘ಬೇಡ’ ಅನ್ನುವ ಅವಳ ಒಂದು ಮಾತು ಸಾಕಾಗಬೇಕು. 26ನೇ ವಾರದ ಸಂಕಟ ಕೋರ್ಟಿಗೆ ಬರುವುದೇ, ಹಿಂದಿನ ವಾರಗಳಲ್ಲಿ ಎಲ್ಲೋ ಒಂದು ಕಡೆ ಅವಳಿಗೆ ಗೊತ್ತಾಗದೆ ಹೋದದ್ದರಿಂದ, ಇಲ್ಲವೇ ಯಾರೋ ಅವಳನ್ನು ವಾಪಸ್ ಕಳಿಸಿದ್ದರಿಂದ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ನರ್ಸಿಂಗ್ ಓದುವ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ನನ್ನ ಮನಸ್ಸಿಗೆ ಇದು ಪಾಪ ಅನ್ನಿಸಿದರೆ ನಾನೇನು ಮಾಡಲಿ?”

ನಿನ್ನ ನಂಬಿಕೆ ನಿನ್ನದಮ್ಮ, ಅದನ್ನು ಬಿಡು ಅಂತ ನಾನು ಹೇಳುವುದಿಲ್ಲ. ಐರ್ಲೆಂಡಿನ ಹೊಸ ಕಾನೂನು ಇದಕ್ಕೆ ಒಂದು ದಾರಿ ಮಾಡಿದೆ. ಮನಸ್ಸು ಒಪ್ಪದ ವೈದ್ಯರು, ನರ್ಸುಗಳು ದೂರ ಉಳಿಯಬಹುದು. ಆದರೆ ಬಂದವಳನ್ನು ಮಾಡುವವರ ಕೈಗೆ ದಾಟಿಸಲೇಬೇಕು. ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ದೂರ ಉಳಿಯುವ ಹಾಗೂ ಇಲ್ಲ. ನನಗೆ ಇದು ಸರಿಯಾದ ಗೆರೆ ಅನ್ನಿಸುತ್ತದೆ. ನಿನ್ನ ಪಾಪಪ್ರಜ್ಞೆಯನ್ನು ನೀನು ಹೊರಬಹುದು, ಅದನ್ನು ಹಾಸಿಗೆಯ ಮೇಲೆ ಮಲಗಿದವಳ ತಲೆಗೆ ಹೊರಿಸಬೇಡ.

ಇನ್ನೊಬ್ಬಳು ಕೇಳಿದಳು: “ಗಂಡನ ಸಹಿ ಇಲ್ಲದೆ ಒಬ್ಬರೇ ಬಂದರೆ?”

ಹೀಗೆ ವಾಪಸ್ ಕಳಿಸಿದ ಹೆಂಗಸರು ನನ್ನ ಆಫೀಸಿಗೂ ಬಂದಿದ್ದಾರೆ. ಗಂಡ ದುಬೈಯಲ್ಲಿ, ಗಂಡ ಕುಡುಕ, ಗಂಡ ಬಿಟ್ಟುಹೋಗಿದ್ದಾನೆ, ಗಂಡನೇ ಇಲ್ಲ. ಎಲ್ಲರಿಗೂ ಅದೇ ಉತ್ತರ, ‘ಯಜಮಾನರನ್ನ ಕರ್ಕೊಂಡು ಬನ್ನಿ’. ಕಾನೂನು ಹಾಗೆ ಕೇಳಿಯೇ ಇಲ್ಲ. 18 ತುಂಬಿ ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನದ್ದು ಬೇಡ, ಅತ್ತೆಯದ್ದು ಬೇಡ, ಅಪ್ಪನದ್ದೂ ಬೇಡ. 18 ತುಂಬದವಳಾದರೆ ಅಥವಾ ಮಾನಸಿಕ ಅಸ್ವಸ್ಥೆಯಾದರೆ ಮಾತ್ರ ಪೋಷಕರ ಸಹಿ. ಒಪ್ಪಿಗೆಯ ಅರ್ಜಿಗೆ ‘ಫಾರಂ ಸಿ’ ಅಂತ ಹೆಸರು. ಅದರಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ, ತೆಗೆದು ನೋಡಿ. ಅವಳ ಹೆಸರನ್ನು ಹೊರಗೆ ಬಿಟ್ಟುಕೊಟ್ಟರೆ 2021ರ ತಿದ್ದುಪಡಿಯ ಪ್ರಕಾರ ಒಂದು ವರ್ಷದವರೆಗೆ ಜೈಲು. ನಾಳೆ ನೀವು ಡ್ಯೂಟಿಯಲ್ಲಿದ್ದಾಗ ಒಬ್ಬಳೇ ಬಂದು ನಿಂತರೆ, ಕೂರಿಸಿ, ಎಷ್ಟು ವಾರ ಅಂತ ಕೇಳಿ, ಆ ಫಾರಂ ಕೈಗೆ ಕೊಡಿ. ನಾಳೆ ಬಾ ಅನ್ನಬೇಡಿ.